ಫೆಬ್ರುವರಿ 21ರ ಕಥೆಯನ್ನು ಉರ್ದು ಮನೆಮಾತಿನ ಮಕ್ಕಳ ಮುಂದೆ ಹೇಗೆ ಹೇಳಲಿ?

ಮೇಷ್ಟ್ರು, ತೀರ್ಥಹಳ್ಳಿ ಕಡೆ:
ತಾಯ್ನುಡಿ ದಿನಕ್ಕೆ ನಮ್ಮ ಹೈಸ್ಕೂಲಿನಲ್ಲಿ ಪ್ರಾರ್ಥನೆ ಆದ ಮೇಲೆ ನಾನು ಸ್ವಲ್ಪ ಹೊತ್ತು ಮಾತಾಡಬೇಕು. 1952ರಲ್ಲಿ, ಆಗ ಪಾಕಿಸ್ತಾನಕ್ಕೆ ಸೇರಿದ್ದ ಢಾಕಾದಲ್ಲಿ ಬಂಗಾಳಿಗಾಗಿ ಪ್ರಾಣ ಕೊಟ್ಟವರ ಕಥೆ ಹೇಳುವ ಆಸೆ. ಆದರೆ ಅಲ್ಲಿ ಹೇರಲು ಹೊರಟಿದ್ದು ಉರ್ದುವನ್ನು. ನನ್ನ ಒಂಬತ್ತನೇ ತರಗತಿಯಲ್ಲಿ ಉರ್ದು ಮನೆಮಾತಿನ ಮಕ್ಕಳಿದ್ದಾರೆ. ಅವರು ತಲೆ ತಗ್ಗಿಸಿ ಕೂರುವ ಹಾಗಾದರೆ ನನಗೆ ಸಂಕಟ. ಹೇಗೆ ಹೇಳಲಿ?

ಸೊರಬದವ:
ಉರ್ದು ವಿಷಯ ಬಿಟ್ಟುಬಿಡಿ ಸಾರ್. ಕುವೆಂಪು ಅವರ ತಾಲ್ಲೂಕಿನವರು ನೀವು, ಕನ್ನಡದ ಬಗ್ಗೆ ಹೇಳಿದರೆ ಸಾಕು.

ನಿವೃತ್ತ ಇತಿಹಾಸ ಉಪನ್ಯಾಸಕ, ಸಾಗರ:
ಬಿಡಬೇಡಿ ಮೇಷ್ಟ್ರೇ, ಪೂರ್ತಿ ಹೇಳಿ. ನಾನು ತರಗತಿಯಲ್ಲಿ ಧೀರೇಂದ್ರನಾಥ ದತ್ತರಿಂದ ಶುರು ಮಾಡುತ್ತಿದ್ದೆ. 1948ರ ಫೆಬ್ರುವರಿಯಲ್ಲಿ ಪಾಕಿಸ್ತಾನದ ಸಂವಿಧಾನ ಸಭೆಯಲ್ಲಿ ಅವರು ಕೇಳಿದ್ದು ಇಷ್ಟೇ: ಇಂಗ್ಲಿಷ್, ಉರ್ದು ಜೊತೆಗೆ ಬಂಗಾಳಿಗೂ ಇಲ್ಲಿ ಜಾಗ ಕೊಡಿ. ಉರ್ದು ಬೇಡ ಅನ್ನಲೇ ಇಲ್ಲ. ದೇಶದ ಅರ್ಧಕ್ಕಿಂತ ಜಾಸ್ತಿ ಜನರ ಮಾತು ಬಂಗಾಳಿ, ಆದರೂ ಅದನ್ನು ತಳ್ಳಿಹಾಕಿದರು. ಮುಂದಿನ ತಿಂಗಳೇ ಜಿನ್ನಾ ಢಾಕಾಕ್ಕೆ ಬಂದು ದೇಶದ ಅಧಿಕೃತ ಭಾಷೆ ಉರ್ದು ಒಂದೇ ಅಂದರು. ಜಗಳ ಇದ್ದದ್ದು ಆ 'ಒಂದೇ' ಜೊತೆ.

1952ರ ಫೆಬ್ರುವರಿ 21ರಂದು ವಿದ್ಯಾರ್ಥಿಗಳು ನಿಷೇಧಾಜ್ಞೆ ಮುರಿದು ಹೊರಟರು. ಮೆಡಿಕಲ್ ಕಾಲೇಜಿನ ಹತ್ತಿರ ಪೊಲೀಸರು ಗುಂಡು ಹಾರಿಸಿದರು. ರಫೀಕ್, ಜಬ್ಬಾರ್, ಎಂ.ಎ. ಓದುತ್ತಿದ್ದ ಬರ್ಕತ್ ತೀರಿಕೊಂಡರು. ಮರುದಿನ ಶಫೀಉರ್. ಗಾಯಗೊಂಡಿದ್ದ ಸಲಾಂ ಏಪ್ರಿಲ್‌ನಲ್ಲಿ. ಈ ಹೆಸರುಗಳನ್ನು ನಿಧಾನವಾಗಿ ಓದಿ. ನಿಮ್ಮ ಹಾಜರಿ ಪುಸ್ತಕದಲ್ಲೂ ಇಂಥ ಹೆಸರುಗಳಿರುತ್ತವೆ, ಅಲ್ವಾ? 1956ರ ಸಂವಿಧಾನದಲ್ಲಿ ಉರ್ದು, ಬಂಗಾಳಿ ಎರಡಕ್ಕೂ ಜಾಗ ಸಿಕ್ಕಿತು.

ಅಸ್ಸಾಂನ ಸಿಲ್ಚಾರ್ ಊರಿನ ವಿಷಯವನ್ನೂ ಸೇರಿಸಿ. ಅದು ನಮ್ಮದೇ ದೇಶದಲ್ಲಿ, 1961ರ ಮೇ 19ರಂದು. ಅಸ್ಸಾಮಿ ಒಂದನ್ನೇ ಆಡಳಿತ ಭಾಷೆ ಮಾಡಿದ್ದಕ್ಕೆ ಬಂಗಾಳಿ ಮಾತಾಡುವವರು ರೈಲು ನಿಲ್ದಾಣದಲ್ಲಿ ಸತ್ಯಾಗ್ರಹ ಕೂತಿದ್ದರು. ಗುಂಡಿಗೆ 11 ಜನ ಬಲಿಯಾದರು. ಅವರಲ್ಲಿ ಕಮಲಾ ಭಟ್ಟಾಚಾರ್ಯ ಮೆಟ್ರಿಕ್ ಪರೀಕ್ಷೆ ಬರೆದಿದ್ದ ಹುಡುಗಿ, ಹೆಚ್ಚು ಕಡಿಮೆ ನಿಮ್ಮ ಮಕ್ಕಳ ವಯಸ್ಸು. ಇದನ್ನು ಕೇಳಿದ ಮೇಲೆ ತಪ್ಪು ಉರ್ದುವಿನದು ಅಂತ ಯಾವ ಮಗುವೂ ಅಂದುಕೊಳ್ಳುವುದಿಲ್ಲ.

ಶಿವಮೊಗ್ಗದವಳು:
ನಮ್ಮ ಮನೆಮಾತು ಉರ್ದು, ನಾನು ಓದಿದ್ದು ಕನ್ನಡ ಮಾಧ್ಯಮ. ಸಾಗರದ ಸಾರ್ ಹೇಳಿದ ಹಾಗೆ ಹೇಳಿದರೆ ಯಾರಿಗೂ ಬೇಜಾರಾಗಲ್ಲ. ಒಂದೇ ಕೋರಿಕೆ. ಉರ್ದು ಮಕ್ಕಳನ್ನು ಮಾತ್ರ ಎಬ್ಬಿಸಿ ನಿಲ್ಲಿಸಬೇಡಿ. ಚಿಕ್ಕವಳಿದ್ದಾಗ ನನಗೆ ಹಾಗಾಗಿದೆ, ಎಲ್ಲರೂ ತಿರುಗಿ ನೋಡುತ್ತಾರೆ. ಮನೆಯಲ್ಲಿ ಹಿರಿಯರು ಹೇಳುವ ಒಂದು ಒಗಟನ್ನು ಎಲ್ಲ ಮಕ್ಕಳೂ ಬರೆದು ತರಲಿ. ಇಷ್ಟ ಇದ್ದವರು ಓದಲಿ.

ಮೇಷ್ಟ್ರು, ತೀರ್ಥಹಳ್ಳಿ ಕಡೆ:
ಒಗಟಿನ ವಿಷಯ ನಾಳೆಯೇ ಮಕ್ಕಳಿಗೆ ಹೇಳುತ್ತೇನೆ ಮೇಡಂ. ತುಳು, ಕೊಂಕಣಿಯವರೂ ಇದ್ದಾರೆ. ಸಾರ್, ನಾನೂ ದತ್ತರಿಂದಲೇ ಶುರು ಮಾಡುತ್ತೇನೆ.