ಮಿನಿ ಟ್ರ್ಯಾಕ್ಟರ್ ಏರಿನಲ್ಲಿ ಮೂತಿ ಎತ್ತುತ್ತಿದೆ, ತೂಕ ಎಲ್ಲಿಗೆ ಹಾಕಬೇಕು?

ಅರೇಹಳ್ಳಿ ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ಬೇಲೂರು ತಾಲ್ಲೂಕಿನಲ್ಲಿ ಸಣ್ಣ ಕಾಫಿ ತೋಟ. 24 ಎಚ್‌ಪಿ ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರ್ ಇದೆ. ಎರಡು ಚಕ್ರದ ಟ್ರೈಲರ್‌ಗೆ ಕೊಟ್ಟಿಗೆ ಗೊಬ್ಬರ ತುಂಬಿ ಏರು ಹತ್ತಿಸುವಾಗ ಮುಂದಿನ ಚಕ್ರ ಹಗುರಾಗುತ್ತದೆ. ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೆಟ್ಟಗೇ ಹೋಗುತ್ತದೆ. ಮಳೆ ಬಿದ್ದಾಗ ಹಿಂದಿನ ಚಕ್ರ ಜಾರುವುದೂ ಇದೆ. ಹಿಂದಿನ ಟೈರಿಗೆ ನೀರು ತುಂಬಿಸಿದರೆ ಎರಡೂ ಸರಿಹೋಗುತ್ತದೆ ಅಂತಾರೆ. ಹೌದಾ?

ಮೂಡಿಗೆರೆ ಕಡೆಯವ:
ಸಾರ್, ಮೊದಲು ಒಂದು ಹೇಳಿ. ಟ್ರೈಲರನ್ನು ಎಲ್ಲಿಗೆ ಸಿಕ್ಕಿಸಿದ್ದೀರಿ?

ಅರೇಹಳ್ಳಿ ತೋಟ:
ಮೇಲಿನ ಕೊಕ್ಕೆಗೆ. ಟಾಪ್ ಲಿಂಕ್ (ನೇಗಿಲಿನಂಥ ಉಪಕರಣದ ಮೇಲ್ತುದಿ ಹಿಡಿಯುವ ಸರಳು) ಕೂರುವ ಜಾಗದ ಹತ್ತಿರ.

ಮೂಡಿಗೆರೆ ಕಡೆಯವ:
ಹಾಗಾದರೆ ಇವತ್ತೇ ಅದನ್ನು ಬಿಚ್ಚಿ. ದಯವಿಟ್ಟು. ಎಳೆತ ಹಿಂದಿನ ಆಕ್ಸಲ್‌ಗಿಂತ ಮೇಲಿದ್ದರೆ ಇಡೀ ಗಾಡಿ ಹಿಂದಕ್ಕೆ ಮಗುಚುತ್ತದೆ. ಒಂದೆರಡು ಸೆಕೆಂಡ್ ಸಾಕು, ಕ್ಲಚ್ ತುಳಿಯಲೂ ಸಮಯ ಸಿಗುವುದಿಲ್ಲ. ಕೆಳಗಿನ ಡ್ರಾ ಬಾರ್‌ಗೇ, ಅಂದರೆ ಆಕ್ಸಲ್‌ಗಿಂತ ಕೆಳಗಿರುವ ಎಳೆಯುವ ಪಟ್ಟಿಗೇ ಹಾಕಿ. ಟ್ರೈಲರ್ ಮುಂದಕ್ಕೆ ಬಾಗಿದರೆ ಅದರ ಮೂಕಿಯನ್ನು (ಟ್ರ್ಯಾಕ್ಟರ್‌ಗೆ ಸಿಕ್ಕಿಸುವ ಮುಂದಿನ ದಂಡ) ವೆಲ್ಡಿಂಗ್ ಅಂಗಡಿಯಲ್ಲಿ ಸರಿಮಾಡಿಸಿ. ಗೊಬ್ಬರವೂ ಟ್ರೈಲರ್‌ನ ಮುಂಭಾಗದಲ್ಲೇ ರಾಶಿ ಬೀಳದಿರಲಿ, ಆ ಭಾರವೆಲ್ಲ ಕೊಕ್ಕೆ ಮೇಲೆ ಕೂರುತ್ತದೆ.

ಆಮೇಲೂ ಮುಂದೆ ಹಗುರ ಅನ್ನಿಸಿದರೆ ಬಂಪರ್‌ಗೆ ಕಂಪನಿ ವೆಯ್ಟ್ ಪ್ಲೇಟ್ ಹಾಕಿ, ಬೋಲ್ಟ್ ಬಿಗಿದು. ಮರಳು ಚೀಲ ಕಟ್ಟಬೇಡಿ, ಏರಿನಲ್ಲಿ ಜಾರಿ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಎಷ್ಟು ಕೆಜಿವರೆಗೆ ಅಂತ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ, ಅದನ್ನು ಮೀರಬೇಡಿ.

ಅರೇಹಳ್ಳಿ ತೋಟ:
ಹಾಗಾದರೆ ನೀರು ಬೇಡವೇ?

ಸಕಲೇಶಪುರ ಮೆಕ್ಯಾನಿಕ್:
ಅಣ್ಣ, ನೀರು ಜಾರುವುದಕ್ಕೆ ಮಾತ್ರ ಮದ್ದು. ಹಿಂದಿನ ಟೈರಿನ ನೀರು ಮೂತಿಯನ್ನು ಕೆಳಗೆ ಒತ್ತುವುದಿಲ್ಲ. ಚಕ್ರ ಗಟ್ಟಿಯಾಗಿ ಹಿಡಿದಷ್ಟೂ ಮುಂದೆ ಏಳುವುದೇ ಜಾಸ್ತಿ. ಅದಕ್ಕೇ ಕೊಕ್ಕೆ ಮೊದಲು, ನೀರು ಆಮೇಲೆ.

ತುಂಬಿಸುವಾಗ ಚಕ್ರವನ್ನು ಜಾಕ್ ಮೇಲೆ ಎತ್ತಿ, ವಾಲ್ವ್ ಮೇಲಕ್ಕೆ ಬರುವ ಹಾಗೆ ತಿರುಗಿಸಿ. ನೀರು ವಾಲ್ವ್ ಮಟ್ಟಕ್ಕೆ ಬಂದರೆ ನೂರಕ್ಕೆ ಸುಮಾರು 75 ಭಾಗ ತುಂಬಿದ ಹಾಗೆ. ಉಳಿದ ಜಾಗಕ್ಕೆ ಗಾಳಿ. ಪೂರ್ತಿ ತುಂಬಿದರೆ ಟೈರ್ ಕಲ್ಲಿನ ಹಾಗೆ ಗಟ್ಟಿಯಾಗಿ ಗಾಡಿ ಕುಲುಕುತ್ತದೆ. ಲೀಟರಿಗೆ ಒಂದು ಕೆಜಿ, ಕ್ಯಾನ್‌ನಲ್ಲಿ ಅಳೆದು ಎರಡೂ ಕಡೆ ಸಮ ಹಾಕಿ. ಚಳಿ ದೇಶದವರು ನೀರು ಹೆಪ್ಪುಗಟ್ಟದಿರಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ. ನಮ್ಮ ಮಲೆನಾಡಿಗೆ ಅದು ಬೇಡ, ಸುಮ್ನೆ ರಿಮ್ ತುಕ್ಕು ಹಿಡಿಯುತ್ತದೆ.

ಸಾಕಾ ಸಾಲದಾ ಅಂತ ನೆಲವೇ ಹೇಳುತ್ತದೆ. ಹಿಂದಿನ ಚಕ್ರ ಮಣ್ಣಿನಲ್ಲಿ ಮೂಡಿಸಿದ ಗುರುತು ನೋಡಿ. ಟೈರಿನ ಉಬ್ಬು ಪಟ್ಟಿಗಳ ಗುರುತು ಪೂರ್ತಿ ಅಳಿಸಿದ್ದರೆ ತೂಕ ಕಡಿಮೆ. ಅಂಚು ಚೂಪಾಗಿ ಮೂಡಿದ್ದರೆ ಜಾಸ್ತಿ, ಮಣ್ಣು ಬಿಗಿಯುತ್ತದೆ, ಕಾಫಿ ಬೇರಿಗೆ ಒಳ್ಳೆಯದಲ್ಲ. ನಡುವೆ ಸ್ವಲ್ಪ ಕದಡಿದ್ದರೆ ಸರಿ.

ಮೂಡಿಗೆರೆ ಕಡೆಯವ:
ಇಳಿಯುವಾಗ ಫೋರ್ ವೀಲ್ ಹಾಕಿಯೇ ಇಡಿ, ಲೋ ಗೇರ್‌ನಲ್ಲಿ. ತೂಕ ಹೆಚ್ಚಾದ ಗಾಡಿ ನ್ಯೂಟ್ರಲ್‌ನಲ್ಲಿ ಓಡಿದರೆ ಬ್ರೇಕ್‌ಗೆ ನಿಲ್ಲುವುದಿಲ್ಲ.

ಅರೇಹಳ್ಳಿ ತೋಟ:
ಟ್ರೈಲರ್ ಬಿಚ್ಚಿದ್ದೇನೆ. ನಾಳೆ ಮೂಕಿ ವೆಲ್ಡಿಂಗ್‌ಗೆ ಹೋಗುತ್ತದೆ, ನೀರಿನ ವಿಷಯ ಅದು ಮುಗಿದ ಮೇಲೆ ನೋಡುತ್ತೇನೆ.