ಹಳೇ ಮಾವಿನ ಮರಕ್ಕೆ ಕಟ್ಟೆ ಕಟ್ಟಿಸಬಹುದಾ? ಅನುಭವ ಇದ್ದವರು ಹೇಳಿ

ಕೊತ್ರೂಡ್: ಪುಣೆಯ ನಮ್ಮ ಹೌಸಿಂಗ್ ಸೊಸೈಟಿ ಅಂಗಳದಲ್ಲಿ 40 ವರ್ಷದ ಮಾವಿನ ಮರವಿದೆ. ಬುಡಕ್ಕೆ ಮಣ್ಣು ಏರಿಸಿ ಕಟ್ಟೆ ಕಟ್ಟಿಸಿ, ಸುತ್ತ ಪೇವರ್ ಬ್ಲಾಕ್ ಹಾಕಿಸೋಣ ಅಂತಿದೆ ಕಮಿಟಿ. ಮರಕ್ಕೆ ತೊಂದರೆ ಆಗುತ್ತದಾ?

ಮುಲುಂಡ್ ಮಾಮಾ: 2018ರಲ್ಲಿ ನಾನೇ ಸೆಕ್ರೆಟರಿ. ಇದೇ ಕೆಲಸ ಮಾಡಿಸಿದೆ. ಕಟ್ಟೆಗೆ 38,500 ರೂಪಾಯಿ, ಎರಡು ಟೆಂಪೊ ಕೆಂಪು ಮಣ್ಣು 9,000, ಕೂರಲು ಗ್ರಾನೈಟ್ 22,000. ಬುಡ ಒಂದೂವರೆ ಅಡಿ ಮುಚ್ಚಿತು. ಎರಡು ಮಳೆಗಾಲ ಮರ ಹಸಿರಾಗೇ ಇತ್ತು, ಎಲ್ಲರೂ ಬೆನ್ನು ತಟ್ಟಿದರು. ಮೂರನೇ ವರ್ಷ ತುದಿ ಕೊಂಬೆ ಒಣಗಿದವು. ಮಣ್ಣು ಬಗೆದರೆ ತೊಗಟೆ ಕೈಗೇ ಬಂತು, ಹುಳಿ ವಾಸನೆ ಬೇರೆ. ನೀರು ಹೀರುವ ಸಣ್ಣ ಬೇರುಗಳು ಜಾಸ್ತಿ ಇರುವುದು ಮೇಲಿನ ಒಂದೆರಡು ಅಡಿಯಲ್ಲಿ. ಅವಕ್ಕೆ ಗಾಳಿಯೇ ಇಲ್ಲದ ಹಾಗೆ ಮಾಡಿದ್ದೆ. ಸತ್ತ ಮರ ತೆಗೆಸಲೂ ಪರವಾನಗಿ ಬೇಕು. ಕ್ರೇನು, ಆಳು ಸೇರಿ 61,000. ಗ್ರಾನೈಟ್ ಇನ್ನೂ ಟೆರೇಸಿನಲ್ಲಿ ಬಿದ್ದಿದೆ.

ವಾಸ್ಕೋ: ಸುಮ್ನೆ ಹೆದರಿಸಬೇಡಿ. ಇಲ್ಲಿ ಗೋವಾದಲ್ಲಿ ನನ್ನ ಹಲಸಿಗೆ ಕಟ್ಟೆ ಕಟ್ಟಿಸಿ ಆರು ವರ್ಷವಾಯಿತು. ಹೋದ ಸಲ 53 ಹಣ್ಣು! ಬುಡದಿಂದ ಎಂಟು ಅಡಿ ದೂರ ಕೆಂಪು ಕಲ್ಲು, ಸಿಮೆಂಟ್ ಇಲ್ಲ, ಒಳಗೆ ಹೊಸ ಮಣ್ಣೂ ಇಲ್ಲ.

ಮುಲುಂಡ್ ಮಾಮಾ: ಅದು ಕಟ್ಟೆಯಲ್ಲ ಸ್ವಾಮಿ, ಕಾಂಪೌಂಡು.

ಹಡಪ್ಸರ್: ಕಟ್ಟೆಗಿಂತ ಪೇವರ್ ಕೆಟ್ಟದ್ದು. ನಮ್ಮಲ್ಲಿ ಜೆಸಿಬಿ ಬರೀ ಒಂದಡಿ ಅಗೆಯಿತು, ತೋಳು ದಪ್ಪದ ಬೇರುಗಳು ಹೋದವು. ಮುಂದಿನ ಜೂನ್ ಗಾಳಿಗೆ ಗುಲ್‌ಮೊಹರ್ ನನ್ನ ಸ್ಕೂಟರ್ ಮೇಲೆ ಬಿತ್ತು. ರಿಪೇರಿ 17,400, ಕಮಿಟಿ ಕೊಟ್ಟಿದ್ದು ಸೊನ್ನೆ. ಮಹಾರಾಷ್ಟ್ರದ 1975ರ ಮರ ಸಂರಕ್ಷಣೆ ಕಾಯ್ದೆಯಲ್ಲಿ ಮರಕ್ಕೆ ಹಾನಿ ಮಾಡಿದರೂ ಕಡಿದ ಲೆಕ್ಕವೇ. ಅದನ್ನು ಮೀಟಿಂಗಿನಲ್ಲಿ ಓದಿದ್ದಕ್ಕೆ ನಾನೇ ಕಿರಿಕ್ ಪಾರ್ಟಿಯಾದೆ. ಉಳಿದ ಮರದ ಕೆಳಗೆ ಈಗ ನಾಲ್ಕು ಬೆರಳು ಒಣ ಎಲೆ ಹಾಸಿದ್ದೇವೆ, ಕಾಂಡಕ್ಕೆ ತಾಗದ ಹಾಗೆ.

ಡೊಂಬಿವಲಿ ಅಕ್ಕ: ಎಲೆ ಹಾಸಿ ಅನ್ನುವವರು ಯಾವತ್ತೂ ಪೊರಕೆ ಹಿಡಿದವರಲ್ಲ. ನಮ್ಮಲ್ಲಿ ಆ ಎಲೆಯೊಳಗೆ ಹಾವು ಸಿಕ್ಕಿತ್ತು.

ಹಡಪ್ಸರ್: ಕೇರೆ ಹಾವಿರಬೇಕು. ಇಲಿ ತಿನ್ನುತ್ತೆ, ಒಳ್ಳೇದೇ ಅಲ್ವಾ?

ಡೊಂಬಿವಲಿ ಅಕ್ಕ: ನಿಮ್ಮ ಮನೆಗೆ ಕಳಿಸಲಾ?

ಕೊತ್ರೂಡ್: ನನ್ನ ಮರದ ವಿಷಯ ಯಾರಾದರೂ...

ಡೊಂಬಿವಲಿ ಅಕ್ಕ: ಮಾಮಾ, ಆ ಗ್ರಾನೈಟ್ ಕಪ್ಪು ಬಣ್ಣದ್ದಾ? ಎಷ್ಟಕ್ಕೆ ಕೊಡುತ್ತೀರಿ?