ತಾಳ ಕುಟ್ಟಿ ಕಾಗುಣಿತ ಕಲಿಸಬಹುದಾ?

ಭಾನುವಾರದ ಟೀಚರ್, ಡೊಂಬಿವಲಿ:
ನಮ್ಮ ಭಾನುವಾರದ ಕನ್ನಡ ತರಗತಿಗೆ ಬರುವವರು ಐದರಿಂದ ಎಂಟು ವರ್ಷದ ಮಕ್ಕಳು. ಶಾಲೆಯಲ್ಲಿ ಇಂಗ್ಲಿಷ್, ಬಿಲ್ಡಿಂಗ್ ಕೆಳಗೆ ಆಡುವಾಗ ಹಿಂದಿ-ಮರಾಠಿ, ಮನೆಯಲ್ಲಿ ತುಳುವೋ ಕನ್ನಡವೋ. ಬಳೆ, ಬಾಳೆ ಎರಡನ್ನೂ ಒಂದೇ ಥರ ಬರೆಯುತ್ತಾರೆ. ಹ್ರಸ್ವ, ದೀರ್ಘ ಅಂತ ಬೋರ್ಡಿನ ಮೇಲೆ ಎಷ್ಟು ಬರೆದರೂ ಅಷ್ಟೇ. ಅದಕ್ಕೇ ಒಂದು ಜೊತೆ ತಾಳ, ಒಂದು ಕಂಜರ (ಒಂದು ಕಡೆ ಚರ್ಮ ಬಿಗಿದ ಚಿಕ್ಕ ಕೈವಾದ್ಯ), ಮರದ ಚಿಟಿಕೆ, ಡಬ್ಬಿಗೆ ಕಡಲೆ ತುಂಬಿ ಮಾಡಿದ ಗಿಲಕಿ ತಂದಿಟ್ಟೆ. ಈಗ ಅಕ್ಷರಕ್ಕೂ ಅದೇ, ಮಗ್ಗಿಗೂ ಅದೇ, ಪರಿಸರದ ಪಾಠಕ್ಕೂ ಅದೇ. ಮೊನ್ನೆ ಒಬ್ಬರು ತಂದೆ ಬಂದು, "ಇದೇನು ಟೀಚರ್, ಭಜನಾ ಮಂಡಳಿಯಾ?" ಅಂದರು. ನೀವೇನಂತೀರಿ?

ಲೆಕ್ಕದ ಮೇಷ್ಟ್ರು, ಠಾಣೆ:
ಅವರ ಕಡೆಯೇ ನಾನು. ಮಗ್ಗಿಯನ್ನು ತಾಳಕ್ಕೆ ಹೇಳಿಸಿದರೆ ಬಾಯಿಗೆ ಬರುತ್ತದೆ, ಅಷ್ಟೇ. "ನಾಲ್ಕೇಳ್ಲ ಎಷ್ಟು?" ಅಂತ ಕೇಳಿದರೆ "ನಾಲ್ಕೊಂದ್ಲ ನಾಲ್ಕು" ಅಂತ ಮೊದಲಿಂದ ಶುರು ಮಾಡುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ತಾಳ ಹಿಡಿದುಕೊಂಡು ಹೋಗುತ್ತಾರೆ, ನಡುವೆ ನಿಲ್ಲಿಸಿದರೆ ಪೂರ್ತಿ ಖಾಲಿ.

ಚೆಂಡೆಪ್ರಿಯ, ಮುಲುಂಡ್:
ಮೇಷ್ಟ್ರೇ, ಅದು ತಾಳದ ತಪ್ಪಲ್ಲ ಮಾರಾಯ್ರೆ, ಬರೀ ಉರು ಹೊಡೆಸಿದ್ದರ ತಪ್ಪು. ಹೀಗೆ ಮಾಡಿ ನೋಡಿ. ಒಂದು ಗುಂಪು "ತಕಿಟ ತಕಿಟ", ಇನ್ನೊಂದು ಗುಂಪು "ತಕಧಿಮಿ ತಕಧಿಮಿ". ಎರಡೂ ಒಂದೇ ವೇಗ. "ತ" ಬಂದಾಗ ಮಾತ್ರ ಜೋರು ಪೆಟ್ಟು. ಒಟ್ಟಿಗೆ ಶುರು ಮಾಡಿದರೆ ಹನ್ನೆರಡು ಎಣಿಕೆ ಮುಗಿದು ಹದಿಮೂರನೆಯದಕ್ಕೆ ಎರಡೂ ಕಡೆಯ ಜೋರು ಪೆಟ್ಟು ಮತ್ತೆ ಕೂಡುತ್ತದೆ. ಮೂರ್ನಾಲ್ಕ್ಲ ಹನ್ನೆರಡು ಕಿವಿಗೇ ಕೇಳಿಸಿತು ಅಲ್ವಾ? ದೊಡ್ಡ ಮಕ್ಕಳಿಗೆ ಲ.ಸಾ.ಅ. (ಎರಡೂ ಮಗ್ಗಿಯಲ್ಲಿ ಬರುವ ಅತಿ ಚಿಕ್ಕ ಸಂಖ್ಯೆ) ಕೂಡ ಇದೇ.

ಲೆಕ್ಕದ ಮೇಷ್ಟ್ರು, ಠಾಣೆ:
ಎಂಟು ವರ್ಷದವರಿಗೆ ಸರಿ. ಐದು ವರ್ಷದವರು ಪಕ್ಕದ ಗುಂಪಿನ ಹಿಂದೆ ಹೋಗಿಬಿಡುತ್ತಾರೆ, ಬಾಜಿ ಕಟ್ಟುತ್ತೇನೆ.

ಭಾನುವಾರದ ಟೀಚರ್, ಡೊಂಬಿವಲಿ:
ನಿಜ, ಚಿಕ್ಕವರಿಗೆ ಅದು ಆಗಲ್ಲ. ಅವರಿಗೆ ನಾನು ಮಾಡಿಸುವುದು ಬೇರೆ. ಕಂಜರಕ್ಕೆ ಒಂದು ಪೆಟ್ಟು ಅಂದರೆ ಹತ್ತು, ಚಿಟಿಕೆ ಅಂದರೆ ಒಂದು. ಮೂರು ಕಂಜರ, ನಾಲ್ಕು ಚಿಟಿಕೆ ಕೇಳಿದರೆ 34. ಸ್ಥಾನಬೆಲೆ ಬಂತಲ್ಲ?

ಲೆಕ್ಕದ ಮೇಷ್ಟ್ರು, ಠಾಣೆ:
ಬೆಲೆ ಬಂತು, ಸ್ಥಾನ ಎಲ್ಲಿ ಬಂತು ಟೀಚರ್? ಚಿಟಿಕೆ ಮೊದಲು ಬಾರಿಸಿ ಕಂಜರ ಆಮೇಲೆ ಬಾರಿಸಿದರೂ 34 ಆಗುತ್ತದೆ. ಬರೆಯುವಾಗ ಹಾಗಲ್ಲ, ಅಂಕಿ ತಿರುಗಿಸಿದರೆ 43. ಇನ್ನೊಂದು ತೊಂದರೆ, ಸದ್ದು ಆ ಕ್ಷಣಕ್ಕೇ ಮುಗಿಯಿತು. ಎಣಿಕೆ ತಪ್ಪಿದ ಮಗು ಹಿಂದಕ್ಕೆ ಹೋಗಿ ನೋಡುವುದೇನನ್ನು? ಹತ್ತು ಕಡ್ಡಿಯ ಕಟ್ಟು ಆದರೆ ಮುಂದೇ ಇರುತ್ತದೆ, ಬಿಚ್ಚಬಹುದು, ಮತ್ತೆ ಎಣಿಸಬಹುದು.

ಭಾನುವಾರದ ಟೀಚರ್, ಡೊಂಬಿವಲಿ:
ಇದನ್ನು ಒಪ್ಪುತ್ತೇನೆ. ಕಡ್ಡಿ ಕಟ್ಟು ತರುತ್ತೇನೆ. ಕಂಜರ ಕೇಳಿಸಿಕೊಂಡು ಕಟ್ಟು ಎತ್ತಿಡಲಿ.

ಇಬ್ಬರ ಅಮ್ಮ, ಪುಣೆ:
ಶಾಲೆಗಳಿಗೆ ಇದೇನು ಹೊಸದಲ್ಲ. ಮಹಾರಾಷ್ಟ್ರದ ಶಾಲೆಗಳಲ್ಲಿ ಲೇಝಿಮ್ (ಝಣಝಣ ಅನ್ನುವ ವಾದ್ಯ ಕೈಯಲ್ಲಿ ಹಿಡಿದು ಸಾಲಾಗಿ ಕುಣಿಯುವ) ಡ್ರಿಲ್ ಹಳೇ ರೂಢಿ. ಎಣಿಕೆ ತಪ್ಪಿದರೆ ಸಾಲೇ ತಪ್ಪುತ್ತದೆ, ಮಕ್ಕಳು ತಾವೇ ಸರಿ ಮಾಡಿಕೊಳ್ಳುತ್ತಾರೆ. 3ರಿಂದ 8 ವರ್ಷದವರಿಗೆ ಅಂತ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಆಟ, ಹಾಡು, ಆಟಿಕೆಗಳಿಂದ ಕಲಿಸಿ ಅಂತಲೇ ಹೇಳುತ್ತದೆ.

ಲೆಕ್ಕದ ಮೇಷ್ಟ್ರು, ಠಾಣೆ:
ಹೇಳುತ್ತದೆ ಅಕ್ಕ. ಎಲ್ಲದಕ್ಕೂ ತಾಳ ಕುಟ್ಟಿ ಅಂತ ಹೇಳಿಲ್ಲ. ಅಕ್ಷರಕ್ಕೇ ಬರೋಣ. ಬಳೆ, ಬಾಳೆಗೆ ಚಪ್ಪಾಳೆ ಸಾಕಲ್ಲ? ಬಿಟ್ಟಿ ಸಿಗುತ್ತದೆ. ಈ ಸಾಮಾನೆಲ್ಲ ಯಾಕೆ?

ಭಾನುವಾರದ ಟೀಚರ್, ಡೊಂಬಿವಲಿ:
ಬಳೆ, ಬಾಳೆಗೆ ಚಪ್ಪಾಳೆ ಸಾಕು. ಹಲ್ಲು, ಹಾಲು ಬಂದಾಗ ಸಾಕಾಗಲ್ಲ. ಛಂದಸ್ಸಿನ ಲೆಕ್ಕದಲ್ಲಿ ಎರಡೂ ಒಂದೇ, ಮೊದಲು ಗುರು (ಎರಡು ಎಣಿಕೆ), ಆಮೇಲೆ ಲಘು (ಒಂದು ಎಣಿಕೆ). ಒಟ್ಟು ಮೂರು ಮಾತ್ರೆ. ಚಪ್ಪಾಳೆ ತಟ್ಟಿದರೆ ಎರಡಕ್ಕೂ ಒಂದೇ ಸದ್ದು, ಮಗು ಒತ್ತಕ್ಷರವನ್ನು ಬಿಟ್ಟೇ ಬರೆಯುತ್ತದೆ. ತಾಳದಲ್ಲಿ ಹಾಗಲ್ಲ. "ಹಾ" ಅನ್ನುವಾಗ ತಾಳ ತಾಗಿಸಿ ದೂರ ಸರಿಸುತ್ತೇವೆ, ಟಿಂ ಅಂತ ಎರಡು ಎಣಿಕೆ ಎಳೆಯುತ್ತದೆ. "ಹಲ್" ಅನ್ನುವಾಗ ತಾಗಿಸಿ ಅಲ್ಲೇ ಒತ್ತಿ ಹಿಡಿಯಬೇಕು. ಟಕ್, ಆಮೇಲೆ ಒಂದು ಎಣಿಕೆ ಸದ್ದಿಲ್ಲ. ನಾಲಗೆ ಅಲ್ಲಿ ನಿಲ್ಲುತ್ತದಲ್ಲ, ಕೈಯೂ ನಿಲ್ಲುತ್ತದೆ. ಬೆಲ್ಲ, ಬೇಲಿ, ಕತ್ತೆ, ಕಾಗೆ ಎಲ್ಲ ಹೀಗೇ ಆಡಿಸುತ್ತೇನೆ. ಒಂದು ಹುಡುಗಿ ತಾಳ ಒತ್ತಿ ಹಿಡಿದು, "ಟೀಚರ್, ಇಲ್ಲಿ ಕೆಳಗೆ ಒಂದು ಅಕ್ಷರ ಇದೆ" ಅಂದಳು.

ಲೆಕ್ಕದ ಮೇಷ್ಟ್ರು, ಠಾಣೆ:
ಇದು ಮಾತ್ರ ಚೆನ್ನಾಗಿದೆ. ಇಲ್ಲಿ ತಾಳಕ್ಕೆ ಕೆಲಸ ಇದೆ, ಸುಮ್ನೆ ಶೋಕಿಗಲ್ಲ.

ಚೆಂಡೆಪ್ರಿಯ, ಮುಲುಂಡ್:
ಪರಿಸರದ ಪಾಠಕ್ಕೂ ಇದೆ. ಕಂಜರವನ್ನು ಮೇಲ್ಮುಖವಾಗಿ ಹಿಡಿದು ಚರ್ಮದ ಮೇಲೆ ನಾಲ್ಕು ಅಕ್ಕಿ ಕಾಳು ಹಾಕಿ. ಅಂಚಿಗೆ ಬೆರಳು ತಟ್ಟಿದರೆ ಕಾಳು ಕುಣಿಯುತ್ತದೆ, ಸದ್ದು ಅಂದರೆ ನಡುಕ ಅಂತ ಬೇರೆ ಹೇಳುವುದೇ ಬೇಡ. ಒಳಗಿನಿಂದ ಸ್ವಲ್ಪ ನೀರು ಚಿಮುಕಿಸಿದರೆ ಚರ್ಮ ಸಡಿಲಾಗಿ ಸದ್ದು ತಗ್ಗುತ್ತದೆ. ನಮ್ಮ ಮುಂಬೈ ಮಳೆಗಾಲದಲ್ಲಂತೂ ನೀರು ಹಾಕುವುದೇ ಬೇಡ, ತಾನಾಗಿಯೇ ಇಳಿದಿರುತ್ತದೆ! ಬಿಸಿ ತೋರಿಸಿ, ಮತ್ತೆ ಏರುತ್ತದೆ. ಗಾಳಿಯಲ್ಲಿ ತೇವ ಇದೆ ಅಂತ ಹೇಳಲು ಇದಕ್ಕಿಂತ ಒಳ್ಳೇ ಪಾಠ ನನಗೆ ಗೊತ್ತಿಲ್ಲ.

ಇಬ್ಬರ ಅಮ್ಮ, ಪುಣೆ:
ಒಂದು ಮಾತು ಯಾರೂ ಹೇಳಲಿಲ್ಲ. ನನ್ನ ಚಿಕ್ಕವನಿಗೆ ಜೋರು ಸದ್ದು ಅಂದರೆ ಆಗಲ್ಲ, ಕಿವಿ ಮುಚ್ಚಿಕೊಂಡು ಮೂಲೆಗೆ ಹೋಗುತ್ತಾನೆ. ಸೊಸೈಟಿ ಹಾಲ್‌ಗಳಲ್ಲಿ ಗೋಡೆಗೂ ಟೈಲ್ಸ್ ಇದ್ದರೆ ಸದ್ದು ಇನ್ನೂ ಜಾಸ್ತಿ. ಹದಿನೈದು ಮಕ್ಕಳು ಒಟ್ಟಿಗೆ ಬಾರಿಸಿದರೆ ಅಂಥ ಮಗು ಏನು ಕಲಿಯಬೇಕು?

ಚೆಂಡೆಪ್ರಿಯ, ಮುಲುಂಡ್:
ಶಬ್ದಮಾಲಿನ್ಯದ ನಿಯಮದ ಪ್ರಕಾರ ಶಾಲೆಯ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಅಂತ ಘೋಷಿಸಬಹುದು. ಒಳಗೆ ನಾವೇ ಕುಟ್ಟುತ್ತಿದ್ದೇವೆ!

ಭಾನುವಾರದ ಟೀಚರ್, ಡೊಂಬಿವಲಿ:
ನಗಬೇಡಿ, ಅಕ್ಕ ಹೇಳಿದ್ದು ಸರಿ. ನಮ್ಮಲ್ಲಿ ಎಲ್ಲರೂ ಒಟ್ಟಿಗೆ ಬಾರಿಸುವುದಿಲ್ಲ. ಒಬ್ಬರ ಕೈಯಲ್ಲಿ ತಾಳ, ಉಳಿದವರು ತೊಡೆ ಮೇಲೆ ಎರಡು ಬೆರಳು. ಸದ್ದು ಆಗದ ಮಗುವಿಗೆ ಯಾವಾಗ ಶುರು, ಯಾವಾಗ ನಿಲ್ಲಿಸಬೇಕು ಅನ್ನುವ ಅಧಿಕಾರ ಕೊಟ್ಟು ನೋಡಿ. ಸದ್ದು ಯಾವಾಗ ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಹೆದರಿಕೆ ಕಡಿಮೆ. ಆದರೂ ಬೇಡ ಅಂದರೆ ಬೇಡ.

ಇಬ್ಬರ ಅಮ್ಮ, ಪುಣೆ:
ಪ್ರಯತ್ನ ಮಾಡುತ್ತೇನೆ. ಆ ಗಿಲಕಿ ಡಬ್ಬಿಯ ಮುಚ್ಚಳಕ್ಕೆ ಗಟ್ಟಿಯಾಗಿ ಟೇಪ್ ಸುತ್ತಿ ಟೀಚರ್. ಬಿಚ್ಚಿಕೊಂಡರೆ ಕಡಲೆ ನೇರ ಬಾಯಿಗೆ ಹೋಗುತ್ತದೆ, ಗಂಟಲಲ್ಲಿ ಸಿಕ್ಕಿಹಾಕಿಕೊಂಡರೆ ಕಷ್ಟ.

ಚೆಂಡೆಪ್ರಿಯ, ಮುಲುಂಡ್:
ಇನ್ನೊಂದು ಕಂಜರ ಕೊಳ್ಳುವುದಾದರೆ ಉಡದ ಚರ್ಮದ್ದು ಬೇಡ. 1972ರ ವನ್ಯಜೀವಿ ಕಾಯ್ದೆಯಡಿ ಉಡಕ್ಕೆ ರಕ್ಷಣೆ ಇದೆ. ಆಡಿನ ಚರ್ಮದ್ದೋ ಫೈಬರಿನದ್ದೋ ಕೇಳಿ. ಫೈಬರ್ ಆದರೆ ಮಳೆಗಾಲಕ್ಕೂ ಇಳಿಯಲ್ಲ, ಆದರೆ ನಿಮ್ಮ ತೇವದ ಪಾಠ ಹೋಯಿತು.